ಗಾಳಿ ನಿಂತರೆ ಹಗ್ಗ

ಕೈರೋದ ರಾಮ್ಸಿಸ್ ನಿಲ್ದಾಣದಲ್ಲಿ ಲಕ್ಸರ್ ರೈಲಿಗೆ ಮೂರು ತಾಸು ಕಾದೆವು. ಫಲಕದಲ್ಲಿ ಅರಬ್ಬಿ ಅಂಕಿ. ಅವರ ಐದು ನಮ್ಮ ಸೊನ್ನೆಯ ಹಾಗೆ! ಯಜಮಾನರು ತಪ್ಪು ಪ್ಲಾಟ್‌ಫಾರ್ಮಿಗೆ ಎರಡು ಸಲ ಪೆಟ್ಟಿಗೆ ಹೊತ್ತರು.

ಅಲೆಕ್ಸಾಂಡ್ರಿಯಾದಿಂದ ಕೈರೋಗೆ 1856ರಲ್ಲೇ ರೈಲು ಬಂದಿತ್ತು. ಆದರೆ ಆಗ ಅಲ್ಲಿಂದ ಮುಂದೆ ದಕ್ಷಿಣಕ್ಕೆ ಹೋಗುವ ಪ್ರವಾಸಿಗಳಿಗೆ ‘ದಹಬಿಯಾ’ ಎಂಬ ಹಾಯಿದೋಣಿ. ಬಾಡಿಗೆಗೆ ಹಿಡಿದವರು ಮೊದಲು ಅದನ್ನು ನೈಲ್‌ನಲ್ಲಿ ಮುಳುಗಿಸಿ ಎತ್ತಿಸಬೇಕೆಂದು ಆಗಿನ ಕೈಪಿಡಿಗಳ ಬುದ್ಧಿವಾದ, ಇಲಿ, ಕ್ರಿಮಿಕೀಟ ಸಾಯಲೆಂದು. ಬಡಗಣ ಗಾಳಿ ಬೀಸಿದರೆ ಹೊಳೆಗೆದುರಾಗಿ ಸಲೀಸು ಪಯಣ. ನಿಂತರೆ ಅಂಬಿಗರು ದಡದಲ್ಲಿ ನಡೆಯುತ್ತ ಹಗ್ಗ ಹಿಡಿದು ಎಳೆಯಬೇಕಿತ್ತು. 1873ರ ಕೊನೆಯಲ್ಲಿ ಹೊರಟ ಲೇಖಕಿ ಅಮೀಲಿಯಾ ಎಡ್ವರ್ಡ್ಸ್ ಹೋದದ್ದೂ ಹೀಗೆಯೇ. ಪ್ರವಾಸೋದ್ಯಮಿ ಥಾಮಸ್ ಕುಕ್ 1869ರಲ್ಲೇ ಉಗಿಹಡಗಿನಲ್ಲಿ ಪ್ರವಾಸಿಗಳನ್ನು ಕರೆತಂದಿದ್ದ. ಆದರೂ ದುಡ್ಡಿದ್ದವರಿಗೆ ದಹಬಿಯಾದ್ದೇ ಮೋಹ.

“ಹಗ್ಗ ಎಳೆಯೋದು ತಪ್ಪಿತಲ್ರೀ,” ಎಂದೆ. ಅವರು ಬೆವರೊರೆಸುತ್ತ ಪೆಟ್ಟಿಗೆಯತ್ತ ನೋಡಿದರು.