ರೋಲರ್ ಕೋಸ್ಟರ್

ರೋಲರ್ ಕೋಸ್ಟರ್ ಎಂಬುದು ಮನರಂಜನಾ ಉದ್ಯಾನಗಳಲ್ಲಿ ಕಂಡುಬರುವ ಒಂದು ಸವಾರಿ. ಏರು, ಇಳಿಜಾರು, ತಿರುವು ಹಾಗೂ ಕೆಲವೊಮ್ಮೆ ತಲೆಕೆಳಗಾಗುವ ಸುತ್ತುಗಳನ್ನು ಹೊಂದಿರುವ ಹಳಿಯ ಮೇಲೆ ಇದರ ಬಂಡಿಗಳು ವೇಗವಾಗಿ ಚಲಿಸುತ್ತವೆ. ಬಹುಪಾಲು ರೋಲರ್ ಕೋಸ್ಟರ್‌ಗಳ ಬಂಡಿಗಳಲ್ಲಿ ಎಂಜಿನ್ ಇರುವುದಿಲ್ಲ. ಮೊದಲ ಏರನ್ನು ಯಂತ್ರದ ನೆರವಿನಿಂದ ಹತ್ತಿದ ಬಳಿಕ ಉಳಿದ ಹಾದಿಯನ್ನು ಅವು ಗುರುತ್ವಾಕರ್ಷಣೆಯ ಬಲದಿಂದಲೇ ಕ್ರಮಿಸುತ್ತವೆ. ಕರ್ನಾಟಕದಲ್ಲಿ ಈ ಸವಾರಿಗೆ ಹೆಸರಾದ ಸ್ಥಳ ಬಿಡದಿ ಸಮೀಪದ ವಂಡರ್‌ಲಾ ಬೆಂಗಳೂರು.

ಇತಿಹಾಸ

ರೋಲರ್ ಕೋಸ್ಟರ್‌ನ ಮೂಲವನ್ನು ರಷ್ಯಾದ ಹಿಮಗುಡ್ಡಗಳಲ್ಲಿ ಗುರುತಿಸಲಾಗುತ್ತದೆ. ಸೇಂಟ್ ಪೀಟರ್ಸ್‌ಬರ್ಗ್ ಸುತ್ತಮುತ್ತ ಚಳಿಗಾಲದಲ್ಲಿ ಮರದ ಎತ್ತರದ ಅಟ್ಟಣೆ ಕಟ್ಟಿ, ಅದರ ಇಳಿಜಾರಿನ ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ, ಜನರು ಜಾರುಬಂಡಿಗಳಲ್ಲಿ ಇಳಿಯುತ್ತಿದ್ದರು. ಈ ಆಟ ಫ್ರಾನ್ಸ್‌ಗೆ ಹಬ್ಬಿದಾಗ ಮಂಜಿನ ಬದಲು ಚಕ್ರಗಳು ಬಳಕೆಗೆ ಬಂದವು. 1817ರಲ್ಲಿ ಪ್ಯಾರಿಸ್‌ನಲ್ಲಿ ಇಂತಹ ಎರಡು ಸವಾರಿಗಳು ಆರಂಭವಾದವು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಇಂದಿಗೂ ರೋಲರ್ ಕೋಸ್ಟರ್ ಅನ್ನು 'ರಷ್ಯನ್ ಬೆಟ್ಟ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ರಷ್ಯನ್ ಭಾಷೆಯಲ್ಲಿ ಮಾತ್ರ ಅದರ ಹೆಸರು 'ಅಮೆರಿಕನ್ ಬೆಟ್ಟ'.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1827ರಲ್ಲಿ ಕಲ್ಲಿದ್ದಲನ್ನು ಬೆಟ್ಟದಿಂದ ಕೆಳಗೆ ಸಾಗಿಸಲು ನಿರ್ಮಿಸಿದ ಮಾಕ್ ಚಂಕ್ ಹಳಿಮಾರ್ಗ ಮುಂದೆ ಪ್ರವಾಸಿಗರ ಸವಾರಿಯಾಗಿ ಬದಲಾಯಿತು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ 'ಸ್ವಿಚ್‌ಬ್ಯಾಕ್ ರೈಲ್ವೆ' ಆರಂಭಿಸಿದನು. ಅದರ ವೇಗ ಗಂಟೆಗೆ ಸುಮಾರು 10 ಕಿ.ಮೀ. ಮಾತ್ರವಿದ್ದು, ಶುಲ್ಕ 5 ಸೆಂಟ್ ಆಗಿತ್ತು. ನಂತರ ಜಾನ್ ಮಿಲ್ಲರ್ ಎಂಬ ವಿನ್ಯಾಸಕ ಹಳಿಯ ಕೆಳಭಾಗವನ್ನೂ ಹಿಡಿದುಕೊಳ್ಳುವ ಚಕ್ರಗಳನ್ನು ರೂಪಿಸಿದ ಮೇಲೆ ಕಡಿದಾದ ಇಳಿಜಾರುಗಳು ಸಾಧ್ಯವಾದವು. 1959ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನ 'ಮ್ಯಾಟರ್‌ಹಾರ್ನ್' ಸವಾರಿಯಲ್ಲಿ ಕೊಳವೆಯಾಕಾರದ ಉಕ್ಕಿನ ಹಳಿ ಬಳಕೆಯಾಯಿತು. ಅದುವರೆಗೆ ಮರದ ಚೌಕಟ್ಟೇ ಪ್ರಧಾನವಾಗಿತ್ತು.

ಕಾರ್ಯವಿಧಾನ

ನಿಲ್ದಾಣದಿಂದ ಹೊರಟ ಬಂಡಿಯನ್ನು ಸಾಮಾನ್ಯವಾಗಿ ಸರಪಳಿಯೊಂದು ಮೊದಲ ಏರಿನ ತುದಿಗೆ ಎಳೆಯುತ್ತದೆ. ಏರುವಾಗ ಕೇಳಿಸುವ 'ಟಕಟಕ' ಸದ್ದು ಬಂಡಿ ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲುಪಟ್ಟಿಯದು. ತುದಿ ತಲುಪಿದ ಬಂಡಿಯಲ್ಲಿ ಸಂಗ್ರಹವಾಗಿರುವ ಸ್ಥಿತಿಶಕ್ತಿ (ಪ್ರಚ್ಛನ್ನ ಶಕ್ತಿ) ಇಳಿಯುವಾಗ ಚಲನಶಕ್ತಿಯಾಗಿ ಮಾರ್ಪಡುತ್ತದೆ. ಘರ್ಷಣೆಯನ್ನು ಲೆಕ್ಕಿಸದಿದ್ದರೆ, ನಿಶ್ಚಲ ಸ್ಥಿತಿಯಿಂದ 30 ಮೀಟರ್ ಇಳಿದ ಬಂಡಿಯ ವೇಗ ಗಂಟೆಗೆ ಸುಮಾರು 87 ಕಿ.ಮೀ. ಆಗುತ್ತದೆ. ಈ ವೇಗ ಬಂಡಿಯ ತೂಕವನ್ನು ಅವಲಂಬಿಸಿಲ್ಲ.

ವಾಸ್ತವದಲ್ಲಿ ಘರ್ಷಣೆ ಮತ್ತು ಗಾಳಿಯ ತಡೆಯಿಂದ ಶಕ್ತಿಯ ಒಂದು ಭಾಗ ನಷ್ಟವಾಗುತ್ತಾ ಹೋಗುತ್ತದೆ. ಆದ್ದರಿಂದ ಎಂಜಿನ್ ಇಲ್ಲದ ಬಂಡಿ ತಾನು ಹೊರಟ ಎತ್ತರವನ್ನು ಮತ್ತೆ ಮುಟ್ಟಲಾರದು. ಮುಂದಿನ ಏರುಗಳೆಲ್ಲ ಮೊದಲಿನದಕ್ಕಿಂತ ತಗ್ಗಾಗಿರುವುದಕ್ಕೆ ಇದೇ ಕಾರಣ.

ಪ್ರತಿ ಬಂಡಿಗೆ ಮೂರು ಬಗೆಯ ಚಕ್ರಗಳಿರುತ್ತವೆ. ಮೇಲಿನ ಚಕ್ರಗಳು ಭಾರವನ್ನು ಹೊರುತ್ತವೆ, ಪಕ್ಕದವು ತಿರುವಿನಲ್ಲಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತವೆ, ಕೆಳಗಿನವು ಬಂಡಿ ಹಳಿಯಿಂದ ಮೇಲೇಳದಂತೆ ತಡೆಯುತ್ತವೆ.

ಸವಾರರ ಮೇಲಾಗುವ ಬಲಗಳು

ದಿಬ್ಬದ ತುದಿಯನ್ನು ವೇಗವಾಗಿ ದಾಟುವಾಗ ಆಸನವು ಸವಾರರ ಮೇಲೆ ಹಾಕುವ ಬಲ ಕಡಿಮೆಯಾಗಿ ದೇಹ ಹಗುರಾದಂತೆ ಭಾಸವಾಗುತ್ತದೆ. ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಗುವುದು ಈ ಹಂತದಲ್ಲಿಯೇ. ತಗ್ಗಿನ ತಳದಲ್ಲಿ ಬಂಡಿ ಮೇಲ್ಮುಖವಾಗಿ ತಿರುಗುವಾಗ ಇದಕ್ಕೆ ವಿರುದ್ಧವಾಗಿ ದೇಹ ಭಾರವಾಗುತ್ತದೆ. ಒಂದೇ ಬಂಡಿಸಾಲಿನಲ್ಲಿ ಕುಳಿತವರ ಅನುಭವವೂ ಒಂದೇ ಆಗಿರುವುದಿಲ್ಲ. ಮುಂದಿನ ಬಂಡಿಗಳು ಇಳಿಜಾರಿಗೆ ಬಿದ್ದು ವೇಗ ಪಡೆದ ಮೇಲೆ ಹಿಂದಿನ ಬಂಡಿ ತುದಿಯನ್ನು ದಾಟುವುದರಿಂದ, ಕೊನೆಯ ಸಾಲಿನವರಿಗೆ ಆಸನದಿಂದ ಮೇಲೆದ್ದಂತಾಗುವ ಅನುಭವ ಹೆಚ್ಚು.

ಲಂಬವಾದ ಸುತ್ತಿನಲ್ಲಿ ತಲೆಕೆಳಗಾದಾಗಲೂ ಸವಾರರು ಬೀಳದಿರಲು ಬಂಡಿಯ ವೇಗವೇ ಮುಖ್ಯ ಕಾರಣ. ಉದಾಹರಣೆಗೆ, 10 ಮೀಟರ್ ತ್ರಿಜ್ಯದ ಸುತ್ತಿನ ತುದಿಯಲ್ಲಿ ಬಂಡಿಗೆ ಗಂಟೆಗೆ ಕನಿಷ್ಠ ಸುಮಾರು 36 ಕಿ.ಮೀ. ವೇಗವಿರಬೇಕು. ಆದರೆ ಸುತ್ತು ಪೂರ್ಣ ವೃತ್ತಾಕಾರವಾಗಿದ್ದರೆ, ಈ ಕನಿಷ್ಠ ವೇಗಕ್ಕಾಗಿ ತಳದಲ್ಲಿ ಸವಾರರು ತಮ್ಮ ತೂಕದ 6 ಪಟ್ಟು ಬಲವನ್ನು ತಾಳಿಕೊಳ್ಳಬೇಕಾಗುತ್ತದೆ. 1895ರಲ್ಲಿ ಕೋನಿ ಐಲ್ಯಾಂಡ್‌ನಲ್ಲಿ ಆರಂಭವಾದ 'ಫ್ಲಿಪ್ ಫ್ಲ್ಯಾಪ್ ರೈಲ್ವೆ'ಯ ಸುತ್ತು ವೃತ್ತಾಕಾರವಾಗಿದ್ದು, ಸವಾರರ ಕುತ್ತಿಗೆ ನೋವಿಗೆ ಕುಖ್ಯಾತವಾಗಿತ್ತು. ಇದಕ್ಕೆ ಪರಿಹಾರವಾಗಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗಲ್ ತಳದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾಗುವ, ನೀರಿನ ಹನಿಯನ್ನು ಹೋಲುವ ಸುತ್ತನ್ನು ವಿನ್ಯಾಸಗೊಳಿಸಿದನು. 1976ರಲ್ಲಿ ಕ್ಯಾಲಿಫೋರ್ನಿಯಾದ 'ರೆವಲ್ಯೂಷನ್' ಸವಾರಿಯಲ್ಲಿ ಅದು ಬಳಕೆಯಾಯಿತು. ಇಂದಿನ ಸುತ್ತುಗಳು ಬಹುತೇಕ ಇದೇ ಮಾದರಿಯವು.

ವಿಧಗಳು

ರಚನೆಯ ಆಧಾರದಲ್ಲಿ ರೋಲರ್ ಕೋಸ್ಟರ್‌ಗಳನ್ನು ಮರದವು ಮತ್ತು ಉಕ್ಕಿನವು ಎಂದು ವಿಂಗಡಿಸಲಾಗುತ್ತದೆ. ಹಳಿಯ ಕೆಳಗೆ ನೇತಾಡುವ ಬಂಡಿಗಳು, ಕಾಲಡಿ ನೆಲಹಾಸಿಲ್ಲದ ಬಂಡಿಗಳು, ಒಂದೇ ಹಳಿಯಲ್ಲಿ ಮುಂದಕ್ಕೂ ಹಿಂದಕ್ಕೂ ಸಾಗುವ ಬಂಡಿಗಳು ಇದರ ಕೆಲವು ಪ್ರಕಾರಗಳು. ಕೆಲವು ಸವಾರಿಗಳಲ್ಲಿ ಏರಿನ ಬದಲು ದ್ರವಚಾಲಿತ ಅಥವಾ ವಿದ್ಯುತ್ಕಾಂತೀಯ ಯಂತ್ರದಿಂದ ಬಂಡಿಯನ್ನು ಚಿಮ್ಮಿಸಲಾಗುತ್ತದೆ. 2010ರಲ್ಲಿ ಅಬುಧಾಬಿಯಲ್ಲಿ ಆರಂಭವಾದ 'ಫಾರ್ಮುಲಾ ರೊಸ್ಸಾ' ಈ ಬಗೆಯದು. ಅದರ ಗರಿಷ್ಠ ವೇಗ ಗಂಟೆಗೆ 240 ಕಿ.ಮೀ.

ಭಾರತದಲ್ಲಿ

ಭಾರತದಲ್ಲಿ ಜಾತ್ರೆ ಮತ್ತು ವಸ್ತುಪ್ರದರ್ಶನಗಳ ತಿರುಗು ತೊಟ್ಟಿಲುಗಳು ಹಿಂದಿನಿಂದಲೂ ಪರಿಚಿತ. ಶಾಶ್ವತ ಮನರಂಜನಾ ಉದ್ಯಾನಗಳು ಬಂದದ್ದು ತಡವಾಗಿ. ದೆಹಲಿಯ ಅಪ್ಪು ಘರ್ 1984ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿತು. ಅದಕ್ಕೆ 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾದ ಆನೆಮರಿಯ ಹೆಸರನ್ನಿಡಲಾಗಿತ್ತು. 1989ರಲ್ಲಿ ಮುಂಬಯಿಯ ಎಸ್ಸೆಲ್ ವರ್ಲ್ಡ್ ಪ್ರಾರಂಭವಾಯಿತು. ಮಹಾರಾಷ್ಟ್ರದ ಖೋಪೋಲಿ ಬಳಿ 2013ರಲ್ಲಿ ಆರಂಭವಾದ ಇಮ್ಯಾಜಿಕಾ ಉದ್ಯಾನದ 'ನೈಟ್ರೋ' ಸುಮಾರು 40 ಮೀಟರ್ ಎತ್ತರವಿದ್ದು, ಸವಾರರನ್ನು 5 ಬಾರಿ ತಲೆಕೆಳಗಾಗಿಸುತ್ತದೆ.

ಕರ್ನಾಟಕದಲ್ಲಿ

ವಂಡರ್‌ಲಾ ಬೆಂಗಳೂರು 2005ರಲ್ಲಿ ಆರಂಭವಾಯಿತು. ಇದು ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರದಲ್ಲಿ, ಮೈಸೂರು ರಸ್ತೆಯ ಬಿಡದಿ ಬಳಿ ಇದೆ. ಇದರ ಸ್ಥಾಪಕರು ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ. ಅವರು 2000ದಲ್ಲಿ ಕೊಚ್ಚಿಯಲ್ಲಿ 'ವೀಗಾಲ್ಯಾಂಡ್' ಉದ್ಯಾನವನ್ನು ಆರಂಭಿಸಿದ್ದರು. ಬಿಡದಿಯ ಉದ್ಯಾನದಲ್ಲಿರುವ 'ರಿಕಾಯಿಲ್' ಮುಂದಕ್ಕೂ ಹಿಂದಕ್ಕೂ ಸಾಗುವ ಬಗೆಯದು. ಬಂಡಿಯನ್ನು ಮೊದಲು ಎತ್ತರಕ್ಕೆ ಎಳೆದು ಬಿಡಲಾಗುತ್ತದೆ. ಅದು ಸುತ್ತುಗಳನ್ನು ದಾಟಿ ಮತ್ತೊಂದು ತುದಿಗೆ ಏರಿ, ಅದೇ ಹಾದಿಯಲ್ಲಿ ಹಿಮ್ಮುಖವಾಗಿ ಮರಳುತ್ತದೆ.

ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಬಿಡದಿ ನಿಲ್ದಾಣವಿದೆ. ಹಾಸನ, ಚನ್ನರಾಯಪಟ್ಟಣ ಕಡೆಯಿಂದ ರಸ್ತೆಯಲ್ಲಿ ಬರುವವರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನೆಲಮಂಗಲ ತಲುಪಿ, ನೈಸ್ ರಸ್ತೆಯ ಮೂಲಕ ಮೈಸೂರು ರಸ್ತೆಯನ್ನು ಸೇರಬಹುದು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಮತ್ತು ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಫನ್ ವರ್ಲ್ಡ್ ರಾಜ್ಯದ ಇತರ ಮನರಂಜನಾ ಉದ್ಯಾನಗಳು.

ಸುರಕ್ಷತೆ

ಒಂದಕ್ಕಿಂತ ಹೆಚ್ಚು ಬಂಡಿಸಾಲುಗಳು ಓಡುವ ಹಳಿಯನ್ನು ಹಲವು ಖಂಡಗಳಾಗಿ ವಿಂಗಡಿಸಲಾಗುತ್ತದೆ. ಒಂದು ಖಂಡದಲ್ಲಿ ಒಂದೇ ಬಂಡಿಸಾಲು ಇರಬೇಕೆಂಬುದು ನಿಯಮ. ಮುಂದಿನ ಖಂಡ ತೆರವಾಗದಿದ್ದರೆ ಹಿಂದಿನದನ್ನು ಬ್ರೇಕ್‌ಗಳು ತಾವಾಗಿಯೇ ನಿಲ್ಲಿಸುತ್ತವೆ. 2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದಲ್ಲಿ, ಹಳಿಯ ಮೇಲೆ ಖಾಲಿ ಬಂಡಿಯೊಂದು ನಿಂತಿರುವುದನ್ನು ಗಮನಿಸದ ಸಿಬ್ಬಂದಿ ಈ ವ್ಯವಸ್ಥೆಯ ತಡೆಯನ್ನು ಮೀರಿ 'ಸ್ಮೈಲರ್' ಸವಾರಿಯನ್ನು ಮುಂದುವರಿಸಿದರು. ಬಂಡಿಗಳು ಡಿಕ್ಕಿಯಾಗಿ ಹಲವರು ಗಾಯಗೊಂಡರು, ಇಬ್ಬರು ಯುವತಿಯರು ತಲಾ ಒಂದು ಕಾಲನ್ನು ಕಳೆದುಕೊಂಡರು. ಮರುವರ್ಷ ನ್ಯಾಯಾಲಯವು ಸಂಸ್ಥೆಗೆ 50 ಲಕ್ಷ ಪೌಂಡ್ ದಂಡ ವಿಧಿಸಿತು.

ಸವಾರರನ್ನು ಆಸನದಲ್ಲಿ ಹಿಡಿದಿಡಲು ತೊಡೆಯ ಮೇಲಿನ ಅಡ್ಡಪಟ್ಟಿ ಅಥವಾ ಭುಜದ ಮೇಲಿನಿಂದ ಇಳಿಯುವ ಕವಚವನ್ನು ಬಳಸುತ್ತಾರೆ. ಈ ಸಾಧನಗಳು ನಿರ್ದಿಷ್ಟ ಗಾತ್ರದ ದೇಹಕ್ಕೆ ಹೊಂದುವಂತೆ ರಚಿತವಾಗಿರುವುದರಿಂದ ಎತ್ತರದ ಮಿತಿಯನ್ನು ಪಾಲಿಸುವುದು ಅಗತ್ಯ. ಮಕ್ಕಳಿಗೆ ಪ್ರವೇಶ ನಿರಾಕರಿಸಲು ಮುಖ್ಯ ಕಾರಣ ಇದೇ ಹೊರತು ಅವರು ಹೆದರುತ್ತಾರೆಂಬುದಲ್ಲ. ಹೃದ್ರೋಗ, ಅಧಿಕ ರಕ್ತದೊತ್ತಡ, ಕುತ್ತಿಗೆ ಅಥವಾ ಬೆನ್ನುಮೂಳೆಯ ತೊಂದರೆ ಇರುವವರು ಹಾಗೂ ಗರ್ಭಿಣಿಯರು ಈ ಸವಾರಿ ಮಾಡಬಾರದು. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಬೇಕು. ದುಪಟ್ಟಾ, ಸೆರಗು, ಕನ್ನಡಕ, ಮೊಬೈಲ್ ಮುಂತಾದವು ಜಾರಿ ಬೀಳದಂತೆ ಅಥವಾ ಚಕ್ರಕ್ಕೆ ಸಿಲುಕದಂತೆ ಎಚ್ಚರ ವಹಿಸಬೇಕು.