ಗೋಸುಂಬೆ: ಸೆಖೆಯ ಹವೆಯಲ್ಲಿ ಪಾಲನೆ

ಯೆಮನ್ ಹಾಗೂ ನೈಋತ್ಯ ಸೌದಿ ಅರೇಬಿಯಗಳ ಗಿರಿಪ್ರದೇಶವೇ ಮೂಲನೆಲೆಯಾದ, ಶಿರದ ಮೇಲೆ ಉನ್ನತ ಶಿಖೆಯನ್ನು ಹೊತ್ತ ಗೋಸುಂಬೆಯು ಅನೇಕ ದೇಶಗಳಲ್ಲಿ ಸಾಕುಪ್ರಾಣಿಯಾಗಿದೆ. ಫ್ಲಾರಿಡಾದಂತಹ ಸೆಖೆಯ ಸೀಮೆಯಲ್ಲಿ ಇದನ್ನು ಬಾಧಿಸುವುದು ಕೇವಲ ತಾಪವಲ್ಲ, ಚಲನೆಯಿಲ್ಲದ ತೇವದ ಗಾಳಿ. ಗಾಜಿನ ಪೆಟ್ಟಿಗೆಯಲ್ಲಿ ಅದು ಮಡುಗಟ್ಟಿ ಶ್ವಾಸಕೋಶದ ಸೋಂಕಿಗೆ ಎಡೆಗೊಡುವುದರಿಂದ, ಸುತ್ತಲೂ ಜಾಲರಿಯುಳ್ಳ ಎತ್ತರದ ಗೂಡೇ ಶ್ರೇಯಸ್ಕರ. ಗೂಡಿನೊಳಗೆ ಮೈ ಕಾಯಿಸಲೆಂದು ಇಡುವ ದೀಪದಡಿಯ ಕೊಂಬೆಯಲ್ಲಿ ಸುಮಾರು 30 ಡಿಗ್ರಿ ಸೆಂಟಿಗ್ರೇಡ್ ಸಾಕು. ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಲಕ್ಷಿಸದೆ ಎಲೆಯ ಹನಿಯನ್ನೇ ನೆಕ್ಕುವ ಈ ಜೀವಿಗೆ ಮುಂಜಾನೆ ನೀರು ಸಿಂಪಡಿಸಿ, ಹಗಲಿನಲ್ಲಿ ಎಲೆಗಳು ಪೂರ್ಣವಾಗಿ ಒಣಗಲು ಬಿಡಬೇಕು. ಮೈ ಬಿಳಿಚಿಕೊಂಡು ಬಾಯ್ದೆರೆದು ನಿಂತರೆ ತಾಪಾತಿಶಯದ ಲಕ್ಷಣವೆಂದರಿತು, ವಿಳಂಬಿಸದೆ ದೀಪವನ್ನಾರಿಸಿ ನೆರಳಿಗೊಯ್ಯತಕ್ಕದ್ದು. ತಣ್ಣೀರಿನಲ್ಲಿ ಮುಳುಗಿಸುವುದು ಕ್ರೌರ್ಯವೇ ಸರಿ. ಭಾರತದ ಗೋಸುಂಬೆಯಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿರುವುದರಿಂದ ಅದನ್ನು ಸಾಕುವಂತಿಲ್ಲ.