ಮಾಹಿತಿಯ ವಯಸ್ಸು

ಮಾಹಿತಿಯ ವಯಸ್ಸು ಎಂಬುದು ಸಂಪರ್ಕ ಜಾಲದ ಮೂಲಕ ತಲುಪಿದ ಮಾಹಿತಿಯ ತಾಜಾತನವನ್ನು ಸ್ವೀಕರಿಸುವವರ ಕಡೆಯಿಂದ ಅಳೆಯುವ ಮಾನವಾಗಿದೆ. ಮಳೆಮಾಪನ, ನದಿ ನೀರಿನ ಮಟ್ಟದ ನಿಗಾ, ವಾಹನಗಳ ನಡುವಿನ ಸಂಪರ್ಕ, ಯಂತ್ರಗಳ ದೂರನಿಯಂತ್ರಣ ಮುಂತಾದ ಕ್ಷೇತ್ರಗಳಲ್ಲಿ ಇದು ಮುಖ್ಯವಾಗುತ್ತದೆ. ಇಂಥ ಕಡೆಗಳಲ್ಲಿ ಹಳೆಯ ಮಾಹಿತಿಯನ್ನು ನಂಬಿ ಕೈಗೊಂಡ ನಿರ್ಧಾರ ಹಾನಿಗೆ ಕಾರಣವಾಗಬಹುದು.

ವ್ಯಾಖ್ಯೆ

ಸ್ವೀಕರಿಸಿದ ಸಂದೇಶಗಳಲ್ಲಿ ಅತ್ಯಂತ ಹೊಸ ಅಳತೆ ಯಾವಾಗ ದಾಖಲಾಯಿತೋ ಅಂದಿನಿಂದ ಈ ಕ್ಷಣದವರೆಗೆ ಕಳೆದ ಕಾಲವೇ ಮಾಹಿತಿಯ ವಯಸ್ಸು:

ವಯಸ್ಸು = ಈಗಿನ ಸಮಯ − ಕೊನೆಯದಾಗಿ ತಲುಪಿದ ಹೊಸ ಅಳತೆಯ ಸಮಯ

ಹೊಸ ಸಂದೇಶ ಬರುವವರೆಗೆ ವಯಸ್ಸು ಏರುತ್ತಲೇ ಇರುತ್ತದೆ; ಬಂದೊಡನೆ ಒಮ್ಮೆಲೇ ಇಳಿಯುತ್ತದೆ. ಆದ್ದರಿಂದ ಇದರ ನಕ್ಷೆ ಗರಗಸದ ಹಲ್ಲುಗಳಂತೆ ಕಾಣುತ್ತದೆ. ವಿಳಂಬ ಇದಕ್ಕಿಂತ ಭಿನ್ನವಾದುದು. ಒಂದು ಸಂದೇಶ ದಾರಿಯಲ್ಲಿ ಕಳೆದ ಕಾಲವನ್ನು ಮಾತ್ರ ವಿಳಂಬ ಸೂಚಿಸುತ್ತದೆ. ದಿನಕ್ಕೊಮ್ಮೆ ಕಳುಹಿಸುವ ಸಂದೇಶ ಕ್ಷಣಮಾತ್ರದಲ್ಲಿ ತಲುಪಿದರೂ ಮರುದಿನದ ಸಂದೇಶ ಬರುವ ವೇಳೆಗೆ ಮಾಹಿತಿ ಒಂದು ದಿನ ಹಳೆಯದಾಗಿರುತ್ತದೆ.

ಮಳೆಮಾಪನ ಜಾಲದ ಉದಾಹರಣೆ

ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ಸ್ಥಾಪಿಸಿರುವ ಸೌರಚಾಲಿತ ಮಳೆಮಾಪಕಗಳು ಪ್ರತಿ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಯಲಹಂಕದಲ್ಲಿರುವ ಕೇಂದ್ರಕ್ಕೆ ಅಳತೆ ರವಾನಿಸುವಂತೆ ರೂಪಿಸಲ್ಪಟ್ಟಿವೆ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಅರೆಮಲೆನಾಡು. ಘಟ್ಟದಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಬೇಗನೆ ಕಡಿಮೆಯಾಗುವ ಇಂಥ ಪ್ರದೇಶದಲ್ಲಿ ಪಕ್ಕದ ಊರಿನ ಅಳತೆಯಿಂದ ಒಂದು ಊರಿನ ಮಳೆಯನ್ನು ಊಹಿಸುವುದು ಕಷ್ಟ. ಆಯಾ ಸ್ಥಳದ ಮಾಪಕದಿಂದಲೇ ಮಾಹಿತಿ ಬರಬೇಕಾಗುತ್ತದೆ. ಇಲ್ಲಿನ ಒಂದು ಮಾಪಕದ ಸಂದೇಶ ಕೇಂದ್ರ ತಲುಪಲು 2 ನಿಮಿಷ ಬೇಕೆಂದು ಇಟ್ಟುಕೊಂಡರೆ, ಮಾಹಿತಿಯ ವಯಸ್ಸು 2ರಿಂದ 17 ನಿಮಿಷದವರೆಗೆ ಏರಿ ಮತ್ತೆ 2ಕ್ಕೆ ಇಳಿಯುತ್ತದೆ, ಸರಾಸರಿ 9.5 ನಿಮಿಷವಾಗುತ್ತದೆ. ಒಂದು ಸಂದೇಶ ತಪ್ಪಿಹೋದರೆ ಗರಿಷ್ಠ ವಯಸ್ಸು 32 ನಿಮಿಷವಾಗುತ್ತದೆ. ಭಾರೀ ಮಳೆ ಸುರಿಯುವಾಗಲೇ ವಿದ್ಯುತ್ ಮತ್ತು ಮೊಬೈಲ್ ಸಂಪರ್ಕ ಕಡಿತಗೊಳ್ಳುವ ಸಾಧ್ಯತೆ ಹೆಚ್ಚಿರುವುದರಿಂದ, ತಾಜಾ ಮಾಹಿತಿ ಅತ್ಯಗತ್ಯವಾದ ಹೊತ್ತಿನಲ್ಲೇ ಅದು ಹಳತಾಗುವ ಅಪಾಯವಿದೆ.

ಇತಿಹಾಸ

ಕೌಲ್, ಗ್ರುಟೆಸರ್ ಮತ್ತು ಸಹಲೇಖಕರು 2011ರಲ್ಲಿ ವಾಹನ ಜಾಲಗಳ ಸಂದರ್ಭದಲ್ಲಿ ಈ ಮಾನವನ್ನು ಅಧ್ಯಯನ ಮಾಡಿದರು. ಕೌಲ್, ಯೇಟ್ಸ್ ಮತ್ತು ಗ್ರುಟೆಸರ್ 2012ರ ಐಇಇಇ ಇನ್ಫೋಕಾಮ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧವು ಎಷ್ಟು ಬಾರಿ ಸಂದೇಶ ಕಳುಹಿಸಬೇಕೆಂಬ ಪ್ರಶ್ನೆಯನ್ನು ಸರದಿ ಸಿದ್ಧಾಂತದ ಮೂಲಕ ವಿಶ್ಲೇಷಿಸಿತು.

ಸರದಿಯ ಪರಿಣಾಮ

ಹೆಚ್ಚು ಸಂದೇಶ ಕಳುಹಿಸಿದಷ್ಟೂ ಮಾಹಿತಿ ತಾಜಾ ಆಗುತ್ತದೆ ಎಂಬುದು ಸಾಮಾನ್ಯ ಊಹೆ. ಆದರೆ ಸಂದೇಶಗಳು ಅತಿಯಾದಾಗ ಅವು ಸರದಿಯಲ್ಲಿ ಕಾಯುತ್ತವೆ, ಕಾಯುತ್ತಲೇ ಹಳತಾಗುತ್ತವೆ. ಸಂದೇಶಗಳ ಆಗಮನ ಮತ್ತು ರವಾನೆಯ ಅವಧಿ ಎರಡೂ ಯಾದೃಚ್ಛಿಕವಾಗಿದ್ದು, ಮೊದಲು ಬಂದದ್ದನ್ನು ಮೊದಲು ಕಳುಹಿಸುವ ಸರಳ ಮಾದರಿಯಲ್ಲಿ ಒಂದು ಸಂದೇಶದ ರವಾನೆಗೆ ಸರಾಸರಿ 1 ನಿಮಿಷ ತಗುಲಿದರೆ ಸರಾಸರಿ ವಯಸ್ಸು ಹೀಗಿರುತ್ತದೆ:

• ಮಾರ್ಗದ ಬಳಕೆ ಶೇ. 10 ಇದ್ದಾಗ: ಸುಮಾರು 11 ನಿಮಿಷ
• ಶೇ. 53 ಇದ್ದಾಗ: ಸುಮಾರು 3.5 ನಿಮಿಷ
• ಶೇ. 90 ಇದ್ದಾಗ: ಸುಮಾರು 10.2 ನಿಮಿಷ

ಈ ಮಾದರಿಯಲ್ಲಿ ಶೇ. 53ರಷ್ಟು ಬಳಕೆಯೇ ಅತ್ಯುತ್ತಮ. ಮಾರ್ಗವನ್ನು ಬಹುಪಾಲು ಖಾಲಿ ಬಿಡುವುದರಿಂದಲೂ ಪೂರ್ತಿ ತುಂಬಿಸುವುದರಿಂದಲೂ ತಾಜಾತನ ಕುಗ್ಗುತ್ತದೆ.

ತಾಜಾತನ ಕಾಪಾಡುವ ವಿಧಾನಗಳು

• ಹೊಸದಕ್ಕೆ ಆದ್ಯತೆ: ಕಡಿದ ಸಂಪರ್ಕ ಮರಳಿದಾಗ ಇತ್ತೀಚಿನ ಅಳತೆಯನ್ನು ಮೊದಲು ಕಳುಹಿಸುವುದು.
• ಹಳೆಯದನ್ನು ಕೈಬಿಡುವುದು: ಹೊಸ ಅಳತೆ ಬಂದೊಡನೆ ಸರದಿಯಲ್ಲಿರುವ ಹಳೆಯ ಸಂದೇಶವನ್ನು ತೆಗೆದುಹಾಕುವುದು.
• ಸಮಯಮುದ್ರೆ: ಪ್ರತಿ ಅಳತೆಯೊಂದಿಗೆ ಅದನ್ನು ದಾಖಲಿಸಿದ ಸಮಯವನ್ನೂ ಕಳುಹಿಸುವುದು. ಇದಿಲ್ಲದಿದ್ದರೆ ಮಾಹಿತಿಯ ವಯಸ್ಸು ತಿಳಿಯುವುದಿಲ್ಲ. ಮಾಪಕದ ಗಡಿಯಾರ ತಪ್ಪಿದ್ದರೆ ತಪ್ಪಾಗಿ ತಿಳಿಯುತ್ತದೆ.

ಮಿತಿಗಳು

ಎಲ್ಲ ಬಳಕೆಗೂ ಹೊಸ ಮಾಹಿತಿಯೊಂದೇ ಸಾಲದು. ಪ್ರವಾಹದ ಎಚ್ಚರಿಕೆಗೆ ಈಗಿನ ಮಳೆಯ ತೀವ್ರತೆ ತುರ್ತಾಗಿ ಬೇಕು. ಹವಾಮಾನ ಆಧಾರಿತ ಬೆಳೆ ವಿಮೆಗೆ ಮಳೆಯ ಸಂಪೂರ್ಣ ದಾಖಲೆ ಬೇಕು. ಆದ್ದರಿಂದ ಹಳೆಯ ಅಳತೆಗಳನ್ನು ಅಳಿಸದೆ, ಮಾಪಕದಲ್ಲೇ ಉಳಿಸಿಕೊಂಡು ನಂತರ ಕಳುಹಿಸಬೇಕಾಗುತ್ತದೆ. ಅಲ್ಲದೆ ಮಳೆಯೇ ಇಲ್ಲದ ದಿನ ಒಂದು ಗಂಟೆ ಹಳೆಯ ಅಳತೆಯೂ ಸರಿಯಾಗಿರಬಹುದು. ಈ ಕೊರತೆಯನ್ನು ನೀಗಿಸಲು, ಸ್ವೀಕರಿಸಿದ ಮಾಹಿತಿ ವಾಸ್ತವಕ್ಕಿಂತ ಭಿನ್ನವಾಗಿರುವ ಅವಧಿಯನ್ನು ಮಾತ್ರ ಎಣಿಸುವ 'ತಪ್ಪು ಮಾಹಿತಿಯ ವಯಸ್ಸು' ಎಂಬ ಮಾನವೂ ರೂಪುಗೊಂಡಿದೆ.

ಇವನ್ನೂ ನೋಡಿ

• ಸರದಿ ಸಿದ್ಧಾಂತ
• ಮಳೆಮಾಪಕ
• ಮುಂಡಗೋಡ